ರಿಗ್ಗಿನಲ್ಲಿ ಕೆಲಸ ನಿಲ್ಲಿಸಿದವಳು

ಒಮಾನಿನಲ್ಲಿ ನಾನು ತುಂಬಿದ ಮೊದಲ ಅರ್ಜಿಯ ಕೊನೆಯ ಪ್ರಶ್ನೆ ಹೀಗಿತ್ತು: ‘ಮರಣ ಸಂಭವಿಸಿದಲ್ಲಿ ದೇಹವನ್ನು ಯಾವ ವಿಮಾನ ನಿಲ್ದಾಣಕ್ಕೆ ಕಳುಹಿಸಬೇಕು?’

ಬೆಳಿಗ್ಗೆ ಹತ್ತು ಗಂಟೆ. ಮಸ್ಕತ್ತಿನಲ್ಲಿರುವ ಕಂಪೆನಿಯ ಆಫೀಸು. ವಿಮಾನ ಇಳಿದು ಆರು ಗಂಟೆಯೂ ಆಗಿರಲಿಲ್ಲ. ನಾನು ಪೆನ್ನು ಹಿಡಿದು ಸುಮ್ಮನೆ ಕೂತದ್ದನ್ನು ನೋಡಿ ಎದುರಿನ ಮೇಜಿನ ಗುಮಾಸ್ತರು ನನ್ನ ಪಾಸ್‌ಪೋರ್ಟಿನ ವಿಳಾಸ ಓದಿದರು. ಆಮೇಲೆ ತುಳುವಿನಲ್ಲಿ ಮಾತು ತೆಗೆದರು. ಉಪ್ಪಳದವರಂತೆ, ಹೆಸರು ಹಮೀದ್. ಎಲ್ಲರಿಗೂ ಹಮೀದಾಕ.

“ಕನ್ಯಾನದವಳಾ ನೀನು? ಬರಿ ಮಗಾ, ಮಂಗಳೂರು ಅಂತ ಬರಿ. ಇದೆಲ್ಲ ಕಾಗದದ ಶಾಸ್ತ್ರ. ನಾನು ಬರೆದು ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಇದ್ದೇನೆ.”

ಬರೆದೆ. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂದಿತ್ತು. ಮೂಡುಬಿದಿರೆಯ ಕಾಲೇಜಿಗೆ ಬಂದು ನನ್ನನ್ನು ಆರಿಸಿದವರು ಅಷ್ಟೊಂದು ಚಿತ್ರ ತೋರಿಸಿದ್ದರು. ನೀಲಿ ಆಕಾಶ, ಹೊಸ ಹೆಲ್ಮೆಟ್ಟು, ಹಲ್ಲು ತೋರಿಸಿ ನಗುವ ಎಂಜಿನಿಯರುಗಳು. ಈ ಪ್ರಶ್ನೆ ಒಂದರಲ್ಲೂ ಇರಲಿಲ್ಲ.

ಆ ಆಯ್ಕೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮೆಕ್ಯಾನಿಕಲ್ ವಿಭಾಗದ ಕೊನೆಯ ವರ್ಷದಲ್ಲಿ ನಾವು ನಾಲ್ಕೇ ಹುಡುಗಿಯರು. ಎಣ್ಣೆ ಬಾವಿ ಕೊರೆಯುವ ಕಂಪೆನಿ ಬಂದಾಗ ಸಂದರ್ಶನಕ್ಕೆ ಹೋದದ್ದು ನಾನೊಬ್ಬಳು. ಹುಡುಗರಿಗೆ ಪೈಪು, ಒತ್ತಡ, ಕಲ್ಲಿನ ಪದರ ಎಂದೆಲ್ಲ ಪ್ರಶ್ನೆ ಕೇಳಿದವರು ನನ್ನನ್ನು ಕೇಳಿದ್ದು, “ಮರುಭೂಮಿಯಲ್ಲಿ ಅಷ್ಟು ಗಂಡಸರ ನಡುವೆ ಇರ್ಲಿಕ್ಕೆ ಹೆದರಿಕೆ ಆಗುವುದಿಲ್ವಾ?”

“ಹೊರಗೆ ಕೂತಿರುವ ಹುಡುಗರಿಗೂ ಇದನ್ನು ಕೇಳಿದ್ರಾ ಸರ್?” ಎಂದೆ.

ಪಕ್ಕದಲ್ಲಿದ್ದ ಇನ್ನೊಬ್ಬರು ನಕ್ಕು ಪೈಪಿನ ಬಗ್ಗೆ ಕೇಳಿದರು. ಉತ್ತರ ಹೇಳಿದೆ. ಸಂಜೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಈ ಹಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಕರೆಂಟಿನ ಲೈನ್‌ಮ್ಯಾನ್. ಅಮ್ಮ ಬೀಡಿ ಕಟ್ಟುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಊರಿಗೆ ಊರೇ ಅಪ್ಪನನ್ನು ಬೈಯುತ್ತಿತ್ತು. ಲೈನು ಬಂದ್ ಆಗಿದೆ ಎಂದು ಸಬ್‌ಸ್ಟೇಷನ್ನಿನಿಂದ ಒಪ್ಪಿಗೆ ಬಂದು, ಅದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಅವರು ಕಂಬಕ್ಕೆ ಏಣಿ ಇಡುತ್ತಿದ್ದದ್ದು. ಆ ಒಪ್ಪಿಗೆಗೆ ಲೈನ್ ಕ್ಲಿಯರ್ ಎನ್ನುತ್ತಾರೆ. “ಮಗಳ ಮದುವೆಗೂ ಲೈನ್ ಕ್ಲಿಯರ್ ಬೇಕಾ ಮಾರಾಯ್ರೆ?” ಎಂದು ಜನ ತಮಾಷೆ ಮಾಡುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಏಣಿಯನ್ನೂ ಎತ್ತುತ್ತಿರಲಿಲ್ಲ.

ಮಸ್ಕತ್ತಿನಿಂದ ರಿಗ್ಗಿಗೆ ಇಡೀ ಒಂದು ಹಗಲಿನ ದಾರಿ. ರಿಗ್ ಎಂದರೆ ನಮ್ಮಲ್ಲಿಗೆ ಬರುವ ಬೋರ್‌ವೆಲ್ ಲಾರಿಯ ಮುತ್ತಜ್ಜ. ಮೂರು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ಕಬ್ಬಿಣದ ಗೋಪುರ. ಅದನ್ನು ಬಿಟ್ಟರೆ ಸುತ್ತ ಏನೂ ಇಲ್ಲ. ನಮ್ಮಲ್ಲಿ ಹತ್ತು ಹೆಜ್ಜೆ ನಡೆದರೆ ಒಂದು ಏರೋ ಇಳಿಜಾರೋ ಸಿಗುತ್ತದೆ, ದಾರಿ ತಿರುಗುತ್ತದೆ, ಆಚೆ ಏನುಂಟು ಎಂದು ನೋಡಬೇಕೆನಿಸುತ್ತದೆ. ಇಲ್ಲಿ ಆಚೆ ಎಂಬುದೇ ಇರಲಿಲ್ಲ. ನೆಲ ಅಷ್ಟು ಚಪ್ಪಟೆ ಇರುವುದನ್ನು ನೋಡಿ ಮೊದಲ ವಾರ ನನಗೆ ತಲೆ ತಿರುಗುತ್ತಿತ್ತು.

ಇರಲು ಕೊಟ್ಟದ್ದು ತಗಡಿನ ಒಂದು ಕೋಣೆ, ಉಳಿದವರ ಸಾಲಿನಿಂದ ದೂರ. ಫೋನಿನ ನೆಟ್‌ವರ್ಕು ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಆ ಬಿಸಿಲಲ್ಲಿ ನಿಂತು ಅಮ್ಮನಿಗೆ “ಇಲ್ಲಿ ತಂಪುಂಟು” ಎಂದು ಸುಳ್ಳು ಹೇಳುತ್ತಿದ್ದೆ. ಊಟಕ್ಕೆ ಉದ್ದುದ್ದ ಬಿಳಿ ಅನ್ನ, ಇಲ್ಲವೇ ಖುಬೂಸ್ ಎಂಬ ದಪ್ಪ ರೊಟ್ಟಿ. ಕುಚ್ಚಲಕ್ಕಿ ಉಂಡು ಬೆಳೆದ ಹೊಟ್ಟೆಗೆ ಅದು ಊಟವೇ ಅಲ್ಲ. ಎರಡನೇ ತಿಂಗಳಲ್ಲಿ ಒಂದು ದಿನ ಬಾಂಗ್ಲಾದೇಶದ ಅಡುಗೆಯವನು ತನಗೋಸ್ಕರ ಬೇರೆ ಪಾತ್ರೆಯಲ್ಲಿ ಬೇಯಿಸುವುದು ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು ನೋಡಿದೆ: ನಮ್ಮ ಕುಚ್ಚಲಕ್ಕಿಯ ದಾಯಾದಿಯಂಥ ದಪ್ಪ ಅನ್ನ. ಏನೂ ಕೇಳದೆ ಅವನು ಒಂದು ಸೌಟು ನನ್ನ ತಟ್ಟೆಗೆ ಹಾಕಿದ. ಆಮೇಲೆ ದಿನಾ ನನಗೊಂದು ಪಾಲು.

ಶೂವಿನ ವಿಷಯದಲ್ಲಿ ಮಾತ್ರ ಜಗಳವನ್ನೇ ಮಾಡಬೇಕಾಯಿತು. ನನ್ನ ಕಾಲಿನ ಅಳತೆಯ ಶೂ ಆ ರಿಗ್ಗಿನಲ್ಲಿ ಇರಲಿಲ್ಲ. ಮೂರು ಜೊತೆ ಕಾಲುಚೀಲ ಹಾಕಿ ಗಂಡಸರ ಶೂವಿನಲ್ಲಿ ಮೆಟ್ಟಿಲು ಹತ್ತುತ್ತಿದ್ದೆ. ಎರಡು ಸಲ ಮುಗ್ಗರಿಸಿದೆ. ಕೇಳಿದಾಗಲೆಲ್ಲ ಒಂದೇ ಉತ್ತರ: “ಮಾಫಿ ಮುಷ್ಕಿಲ್.” ಅಲ್ಲಿ ನಾನು ಕಲಿತ ಮೊದಲ ಅರಬಿ ಮಾತು ಅದು. ತೊಂದರೆ ಇಲ್ಲ ಎಂದು ಅರ್ಥ. ನಮ್ಮ ‘ಪರವಾಗಿಲ್ಲ’ ಇದ್ದ ಹಾಗೆ. ಹೇಳುವವರಿಗೆ ತೊಂದರೆ ಇಲ್ಲ, ಕೇಳುವವರಿಗೆ ಉಂಟು. ದಿನಾ ಬೆಳಿಗ್ಗೆಯ ಸಭೆಯಲ್ಲಿ ಎದ್ದು ನಿಂತು “ನನ್ನ ಶೂ ಬಂದಿಲ್ಲ” ಎಂದು ಹೇಳತೊಡಗಿದೆ. ಮೊದಲು ನಕ್ಕರು, ಆಮೇಲೆ ಮುಖ ಸಿಂಡರಿಸಿದರು. ಹತ್ತೊಂಬತ್ತನೇ ದಿನ ಶೂ ಬಂತು.

ಕ್ಯಾಂಪಿನ ಬಾಗಿಲಲ್ಲಿ ಎರಡು ಬೋರ್ಡು. ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತು ಎಂಬುದು ಒಂದರಲ್ಲಿ. ಕಂಪೆನಿಯ ರಿಗ್ಗುಗಳ ಪೈಕಿ ಈ ತಿಂಗಳು ಯಾರು ಹೆಚ್ಚು ಕೊರೆದರು ಎಂಬುದು ಇನ್ನೊಂದರಲ್ಲಿ. ಎರಡರಲ್ಲೂ ಮುಂದಿದ್ದರೆ ತಿಂಗಳ ಕೊನೆಗೆ ಎಲ್ಲರಿಗೂ ಆಡಿನ ಔತಣ, ಯಜಮಾನನಿಗೆ ಮೇಲಿನಿಂದ ಮೆಚ್ಚುಗೆಯ ಪತ್ರ. ನಮ್ಮ ರಿಗ್ಗಿನ ಯಜಮಾನ ರಾಠೋಡ್ ಸಾಬ್. ಕೆಟ್ಟ ಮನುಷ್ಯ ಎನ್ನಲಾರೆ. ಬೋರ್ಡನ್ನು ಮನುಷ್ಯರಿಗಿಂತ ಹೆಚ್ಚು ನೋಡುತ್ತಿದ್ದರು, ಅಷ್ಟೆ.

ನಾನು ಹೋಗಿ ನಾಲ್ಕು ತಿಂಗಳಾದಾಗ ಬಿಹಾರದ ರಾಮ್‌ಸೂರತ್ ಎಂಬ ಹಳೆಯ ಕೆಲಸಗಾರನ ಬೆರಳು ಎರಡು ಪೈಪುಗಳ ನಡುವೆ ಸಿಕ್ಕಿ ಜಜ್ಜಿಹೋಯಿತು. ಬಟ್ಟೆ ಸುತ್ತಿ ಅವನನ್ನು ಸ್ಟೋರ್ ರೂಮಿನಲ್ಲಿ ಎಂಟು ದಿನ ಕೂರಿಸಿದರು. ದಾಖಲೆಯಲ್ಲಿ ಏನೂ ಬರೆಯಲಿಲ್ಲ. ಬೋರ್ಡಿನ ಸಂಖ್ಯೆ ಮರುದಿನ ಒಂದು ಹೆಚ್ಚಾಯಿತು. ಬರೆಸಬೇಕು ಎಂದು ನಾನು ಅವನಿಗೆ ಹೇಳಿದೆ.

“ಬರೆಸಿದರೆ ಮುಂದಿನ ಸಲ ನನ್ನನ್ನು ಕರೆಯುವುದಿಲ್ಲ ಬೇಟಿ. ಬೆರಳು ವಾಸಿಯಾಗುತ್ತದೆ” ಎಂದ.

ದಿನದ ವರದಿ ಟೈಪು ಮಾಡುವವಳು ನಾನೇ ಆಗಿದ್ದೆ. ‘ವಿಶೇಷವೇನೂ ಇಲ್ಲ’ ಎಂದು ನನ್ನ ಕೈಯಿಂದಲೇ ಟೈಪಿಸಿದೆ. ಇದನ್ನು ಇಲ್ಲಿ ಹೇಳದೆ ಮುಚ್ಚಿಟ್ಟರೆ ಮುಂದೆ ನಾನು ಹೇಳುವುದೆಲ್ಲ ಬರಿಯ ಜಂಬ ಆದೀತು.

ಒಂದು ತಿಂಗಳ ನಂತರದ ಮಧ್ಯಾಹ್ನ. ಪೈಪುಗಳನ್ನು ಮೇಲಕ್ಕೆ ಎತ್ತುವ ವಿಂಚಿನ ಉಕ್ಕಿನ ಹಗ್ಗ ನನ್ನ ಕಣ್ಣೆದುರು ಸುತ್ತಿಕೊಳ್ಳುತ್ತಿತ್ತು. ಒಂದು ಜಾಗದಲ್ಲಿ ಎಳೆಗಳು ಹರಿದು ಅಂಗಳ ಗುಡಿಸಿ ಸವೆದ ಹಿಡಿಸೂಡಿಯ ಕಡ್ಡಿಗಳ ಹಾಗೆ ಎದ್ದು ನಿಂತಿದ್ದವು. ಕೆಳಗೆ ರಾಮ್‌ಸೂರತ್ ಇನ್ನೂ ಸರಿಯಾಗಿ ಮಡಚದ ಬೆರಳಿನ ಕೈಯಲ್ಲಿ ಮುಂದಿನ ಪೈಪಿಗೆ ಕೊಕ್ಕೆ ಹಾಕುತ್ತಿದ್ದ. ಒಮಾನಿನವನೇ ಆದ ಸಾಲಿಂ ಯಂತ್ರದ ಹಿಡಿಕೆಯ ಬಳಿ ನಿಂತಿದ್ದ. ಪಕ್ಕದ ರಿಗ್ಗಿಗಿಂತ ನಾವು ಸ್ವಲ್ಪವೇ ಮುಂದಿದ್ದೆವು. ತಿಂಗಳು ಮುಗಿಯಲು ಎರಡು ದಿನ ಬಾಕಿ.

ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ಅಡ್ಡ ಹಿಡಿದೆ. ರಿಗ್ಗಿನಲ್ಲಿ ಅದರ ಅರ್ಥ, ಎಲ್ಲವೂ ನಿಲ್ಲಬೇಕು. ಕೆಲಸ ನಿಲ್ಲಿಸುವ ಹಕ್ಕು ಎಲ್ಲರಿಗೂ ಉಂಟು ಎಂದು ಕಂಪೆನಿಯೇ ಅಚ್ಚು ಹಾಕಿಸಿ ಹಂಚಿದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲೂ ಇತ್ತು. ಅದನ್ನು ಬಳಸಿದವರನ್ನು ನಾನು ನೋಡಿರಲಿಲ್ಲ.

ಸಾಲಿಂ ಯಂತ್ರ ನಿಲ್ಲಿಸಿದ. ಸದ್ದು ಅಡಗಿತು. ರಾಠೋಡ್ ಸಾಬ್ ಓಡಿ ಬಂದರು.

“ಯಾರು ನಿಲ್ಲಿಸಿದ್ದು?”

“ನಾನು ಸರ್. ಹಗ್ಗ ಹರಿದಿದೆ.”

“ಎರಡು ದಿನ ಬಾಳುತ್ತದೆ. ನನಗೆ ಇಪ್ಪತ್ತು ವರ್ಷದ ಅನುಭವ. ನಿನಗೆ?”

“ಐದು ತಿಂಗಳು. ಆದರೆ ಕಣ್ಣು ಕಾಣ್ತದೆ ಸರ್.”

“ಶುರು ಮಾಡಿ” ಎಂದು ಅವರು ಸಾಲಿಂ ಕಡೆ ತಿರುಗಿದರು. ನಾನು ವಿಂಚಿನ ಮುಂದೆ ಹೋಗಿ ನಿಂತೆ. “ನಿಮಗೆ ಬೇಕಾದರೆ ಶುರು ಮಾಡಿ ಅಂತ ಬರೆದು ಸಹಿ ಹಾಕಿ ಕೊಡಿ. ಆಮೇಲೆ ಸರೀತೇನೆ.”

ಅವರು ಸಹಿ ಹಾಕಲಿಲ್ಲ. ಸಾಲಿಂ ಹಿಡಿಕೆಯಿಂದ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡ. ಹೊಸ ಹಗ್ಗ ಬಂದು ಕೆಲಸ ಮತ್ತೆ ಶುರುವಾಗುವಾಗ ಮರುದಿನ ಮಧ್ಯಾಹ್ನವಾಗಿತ್ತು. ಪಕ್ಕದ ರಿಗ್ಗು ಮುಂದೆ ಹೋಯಿತು. ಆಡೂ ಅವರಿಗೇ ಹೋಯಿತು.

ಆಮೇಲಿನ ದಿನಗಳು ಸುಲಭದವಲ್ಲ. ನಾನು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಜೀವ ಉಳಿಸಿದರೆ ಜನ ಹೂ ಹಾಕುತ್ತಾರೆ ಎಂದುಕೊಂಡಿದ್ದೆ. ಬೀಳದ ಪೈಪು ಯಾರ ಕಣ್ಣಿಗೂ ಕಾಣುವುದಿಲ್ಲ. ತಪ್ಪಿದ ಔತಣ ಎಲ್ಲರಿಗೂ ಕಾಣುತ್ತದೆ. ಟ್ಯಾಂಕಿನ ಪಕ್ಕ ನಿಂತು ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು:

“ಯಾರಿಗಾದರೂ ಪೆಟ್ಟಾಯ್ತಾ?”

“ಇಲ್ಲ ಅಪ್ಪ.”

“ಹಾಗಾದ್ರೆ ಬೇಜಾರು ಎಂತದ್ದು? ಹೋಗಿ ಉಣ್ಣು.”

ಒಂಬತ್ತನೇ ದಿನ ರಾಮ್‌ಸೂರತ್ ತನ್ನ ತಟ್ಟೆ ಎತ್ತಿಕೊಂಡು ಬಂದು ನನ್ನೆದುರು ಕೂತ. ಉಂಡು ಎದ್ದು ಹೋದ. ಮರುದಿನವೂ ಬಂದ.

ವರ್ಷದ ಕೊನೆಗೆ ನನ್ನ ಕೆಲಸದ ಮೌಲ್ಯಮಾಪನದಲ್ಲಿ ‘ತಂಡದೊಂದಿಗೆ ಹೊಂದಿಕೊಳ್ಳುವುದಿಲ್ಲ’ ಎಂದು ಬರೆದಿದ್ದರು. ಕೆಳಗೆ ನನ್ನ ಅಭಿಪ್ರಾಯಕ್ಕೆ ಬಿಟ್ಟ ಜಾಗದಲ್ಲಿ, ‘ಹೌದು, ಹರಿದ ಹಗ್ಗದೊಂದಿಗೆ ಹೊಂದಿಕೊಳ್ಳಲಿಲ್ಲ. ಒಂದು ಬೆರಳಿನ ಗಾಯವನ್ನು ಬರೆಯದೆ ಹೊಂದಿಕೊಂಡಿದ್ದೆ, ಅದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಬಡ್ತಿ ಒಂದು ವರ್ಷ ಮುಂದೆ ಹೋಯಿತು. ನನ್ನನ್ನು ಇನ್ನೂ ದೂರದ ಬೇರೊಂದು ರಿಗ್ಗಿಗೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಅವರೇ ಹಂಚಿದ ಚೀಟಿ ನನ್ನ ಜೇಬಿನಲ್ಲಿತ್ತಲ್ಲ.

ತಮಾಷೆ ಎಂದರೆ ಮರುವರ್ಷ ಮೂಡುಬಿದಿರೆಯಲ್ಲಿ ಹುಡುಗರನ್ನು ಆರಿಸಲು ಹೊರಟಾಗ ಅವರಿಗೆ ನನ್ನ ನೆನಪಾಯಿತು. ಅದೇ ಕಾಲೇಜಿನ ಹುಡುಗಿ, ರಿಗ್ಗಿನಲ್ಲಿ ಗಟ್ಟಿಯಾಗಿ ನಿಂತವಳು, ಚಿತ್ರಕ್ಕೆ ಚೆನ್ನಾಗಿರುತ್ತದೆ. ರಜೆಯಲ್ಲಿದ್ದ ನನ್ನನ್ನು ಕನ್ಯಾನದಿಂದ ಕರೆಸಿಕೊಂಡರು. “ಅಪಘಾತದ ಮಾತು ಮಾತ್ರ ಬೇಡ. ಸ್ಫೂರ್ತಿ ಕೊಡಿ” ಎಂದರು ಆಯ್ಕೆಯ ತಂಡದ ಮುಖ್ಯಸ್ಥರು.

ವೇದಿಕೆ ಹತ್ತಿ ನಾನು ಆ ಅರ್ಜಿಯ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಿದೆ. ಶೂ, ಬೆರಳು, ಹಗ್ಗ, ಖಾಲಿ ಮೇಜು ಎಲ್ಲ ಹೇಳಿದೆ. ಮುಖ್ಯಸ್ಥರು ಮೊಬೈಲು ನೋಡುವ ಹಾಗೆ ತಲೆ ತಗ್ಗಿಸಿ ಕೂತರು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಬೆಳ್ತಂಗಡಿಯವಳು, ಹೆಸರು ಪ್ರಜ್ಞಾ.

“ಹಾಗಾದ್ರೆ ನಾವು ಬರಬಾರದು ಅಂತಲಾ ಅಕ್ಕ?”

“ಅಲ್ಲ, ಬನ್ನಿ. ಕೆಲಸ ಒಳ್ಳೆಯದುಂಟು, ನನಗೆ ಇಷ್ಟ. ಆದರೆ ದೊಡ್ಡವರ ಮುಖಕ್ಕೆ ‘ನಿಲ್ಲಿಸಿ’ ಅಂತ ಹೇಳ್ಲಿಕ್ಕೆ ಬರ್ತದಾ ಅಂತ ಮನೆಯಲ್ಲೇ ಒಮ್ಮೆ ಹೇಳಿ ನೋಡಿ. ಬಾರದಿದ್ರೆ ಬೇಡ.”

ಮುಖ್ಯಸ್ಥರು ನನ್ನನ್ನು ಬಿಟ್ಟು ಒಬ್ಬರೇ ಕಾರಿನತ್ತ ನಡೆದರು. ಆದರೆ ಹೆಸರು ಕೊಟ್ಟವರು ಹಿಂದಿನ ವರ್ಷಕ್ಕಿಂತ ಕಡಿಮೆಯೇನೂ ಇರಲಿಲ್ಲ. ಅವರಲ್ಲಿ ಐದು ಹುಡುಗಿಯರು.

ನಾನು ಹೋಗಿ ಈಗ ಮೂರು ವರ್ಷ. ಸಹಾಯಕ ಡ್ರಿಲ್ಲರ್ ಆಗಿದ್ದೇನೆ. ವಿಂಚಿನ ಹಿಡಿಕೆಯ ಬಳಿ ನಿಂತು ಎತ್ತಲು, ನಿಲ್ಲಿಸಲು ಕೈಸನ್ನೆ ಮಾಡುವವಳು ನಾನೇ. ಪ್ರಜ್ಞಾಳನ್ನು ಟ್ರೈನಿಯಾಗಿ ನಮ್ಮ ರಿಗ್ಗಿಗೇ ಹಾಕಿದರು. ಬಂದು ಮೂರನೇ ವಾರ. ಅವತ್ತು ನಾವು ತುಂಬಾ ಹಿಂದೆ ಬಿದ್ದಿದ್ದೆವು; ಬೆಳಿಗ್ಗೆಯಿಂದ ಮಸ್ಕತ್ತಿನಿಂದ ಮೂರು ಸಲ ಫೋನು ಬಂದಿತ್ತು. ನಾನು ಪೈಪು ಎತ್ತಲು ಕೈಸನ್ನೆ ಮಾಡಿದೆ. ಪೈಪು ನೆಲ ಬಿಟ್ಟಿತು.

“ಉಂತುಲೆ!”

ತುಳುವಿನಲ್ಲಿ, ಇಡೀ ರಿಗ್ಗಿಗೆ ಕೇಳುವ ಹಾಗೆ. ನಿಲ್ಲಿ ಎಂದು. ಪ್ರಜ್ಞಾ ಕೈಗಳನ್ನು ಅಡ್ಡ ಹಿಡಿದು ನಿಂತಿದ್ದಳು. ಜಾರಿದ ಕೈಗವಸು ಹೆಕ್ಕಲು ಒಬ್ಬ ಕೆಲಸಗಾರ ಪೈಪಿನ ಅಡಿಗೆ ಬಗ್ಗಿದ್ದ. ನಾನು ಅವನನ್ನು ನೋಡಿರಲಿಲ್ಲ.

ನಿಲ್ಲಿಸಿದೆ. ಆದರೆ ಅದಕ್ಕೆ ಮುಂಚಿನ ಒಂದು ಕ್ಷಣ ನನ್ನೊಳಗೆ ಎದ್ದದ್ದು ಕೃತಜ್ಞತೆ ಅಲ್ಲ. ಮೂರು ವಾರದ ಹುಡುಗಿ ನನಗೆ ಹೇಳುವುದಾ ಎಂಬ ಉರಿ.

ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು, “ಕೋಪ ಬಂತಾ ಅಕ್ಕ?”

“ಬಂತು” ಎಂದೆ. “ಇನ್ನೊಮ್ಮೆಯೂ ಬಂದೀತು. ನೀನು ಮಾತ್ರ ಇಷ್ಟೇ ಜೋರಾಗಿ ಹೇಳು.”

ದಿನದ ವರದಿಯಲ್ಲಿ ಆ ಘಟನೆಯನ್ನು ನನ್ನ ಹೆಸರು ಹಾಕಿಯೇ ಬರೆದೆ. ಬರೆಯುತ್ತಿದ್ದಾಗ ಅಮ್ಮನ ಫೋನು ಬಂತು. ಈ ಕ್ಯಾಂಪಿನಲ್ಲಿ ನೆಟ್‌ವರ್ಕು ಎಲ್ಲ ಕಡೆ ಉಂಟು.

“ಸಾಕಲ್ವಾ ಅಲ್ಲಿ? ಯಾವಾಗ ಬಂದುಬಿಡ್ತಿ?” ಎಂದರು, ಯಾವಾಗಲೂ ಕೇಳುವ ಹಾಗೆ.

ಕನ್ಯಾನಕ್ಕೆ ಹೋದರೆ ಎರಡನೇ ವಾರಕ್ಕೇ ನನಗೆ ಈ ಗೋಪುರದ ಸದ್ದು ಬೇಕೆನಿಸುತ್ತದೆ. ಇಲ್ಲಿ ಇದ್ದರೆ ಇಲ್ಲಿಯವರ ಅವಸರ ನನ್ನೊಳಗೂ ಹೊಕ್ಕು, ನಾನು ಬೈದವರ ಹಾಗೆಯೇ ಆಗುತ್ತೇನೋ ಎಂಬ ಹೆದರಿಕೆ. ಇಲ್ಲಿಂದ ಓಡಿಹೋಗುವವಳು ನಾನಲ್ಲ. ಪೂರ್ತಿ ಇಲ್ಲಿಯವಳಾಗಿಬಿಡುವವಳೂ ಅಲ್ಲ.

“ಗೊತ್ತಿಲ್ಲ ಅಮ್ಮ” ಎಂದೆ. “ಇವತ್ತು ಕೆಲಸ ಉಂಟು.”