ಕರಡಿಗೆ ಕದ್ದ ಬಣ್ಣದ ಮೇಸ್ತ್ರಿ

ಎದುರು ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ಬೆಳಿಗ್ಗೆಯಿಂದ ನಮ್ಮ ನಡುಮನೆಯವರೆಗೂ ಬರುತ್ತಿದೆ. ಬೇರೆಯವರಿಗೆ ಇದರಿಂದ ಹಬ್ಬ ನೆನಪಾಗುತ್ತದೇನೋ... ನನಗೆ ಮಾಂಬಳ್ಳಿಯ ಆ ಬಣ್ಣದ ಮೇಸ್ತ್ರಿ ನೆನಪಾಗುತ್ತಾನೆ, ಹೊಟ್ಟೆ ಉರಿಯುತ್ತದೆ.

ಅಮ್ಮ ತೀರಿಕೊಂಡ ವರ್ಷ ಕೊಳ್ಳೇಗಾಲದ ನಮ್ಮ ಮನೆಗೆ ಬಣ್ಣ ಬಳಿಯಲು ಬಂದಿದ್ದ. ಅಮ್ಮನ ಲಿಂಗವನ್ನು ಅವಳ ಅಂಗೈಯಲ್ಲಿಟ್ಟೇ ಮಣ್ಣು ಮಾಡಿದ್ದೆವು. ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಮಾತ್ರ ದೇವರಮನೆಯ ಗೂಡಿನಲ್ಲಿ ಉಳಿದಿತ್ತು. ಎಳೆಗೂಸಾಗಿದ್ದಾಗ ಅಮ್ಮನ ತೊಡೆಯ ಮೇಲೆ ಕೂತು ನಾನು ಅದನ್ನೇ ಕಚ್ಚುತ್ತಿದ್ದೆನಂತೆ. ಅಂಚಿನಲ್ಲಿ ನನ್ನ ಹಾಲುಹಲ್ಲಿನ ಗುರುತಿತ್ತು.

ದೇವರಮನೆ ಬಳಿಯುವ ದಿನ ಅವನು ಹೊಸ್ತಿಲಾಚೆಯೇ ನಿಂತ. "ಸಾಮಾನೆಲ್ಲ ನೀವೇ ತೆಗೀರಕ್ಕ. ನೆನ್ನೆ ಬಾಡುಂಡಿವ್ನಿ, ನಾ ಮುಟ್ಟಕಿಲ್ಲ" ಅಂದ. ಎಂಥ ನೇಮದ ಮನುಷ್ಯ ಎಂದು ನಾನು ಕರಗಿಹೋದೆ. ಪಟ, ದೀಪಗಳನ್ನೆಲ್ಲ ತೆಗೆದೆ. ಕರಡಿಗೆಯನ್ನು ಕದಲಿಸಲು ಮಾತ್ರ ಮನಸ್ಸು ಬರಲಿಲ್ಲ. ಗೂಡೊಂದನ್ನು ಹಾಗೇ ಬಿಡು ಎಂದು ಹೇಳಿ ಅವನಿಗೇ ಕಾಫಿ ಕಾಯಿಸಲು ಒಳಗೆ ಹೋದೆ. ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ!

ಸಂಜೆ ಅವನು ಹೋದ ಮೇಲೆ ನೋಡಿದರೆ ಗೂಡು ಖಾಲಿ. ಕರಡಿಗೆ ಕೂತಿದ್ದ ಜಾಗಕ್ಕೂ ನೀಟಾಗಿ ಹೊಸ ಬಣ್ಣ ಬಳಿದಿದ್ದ. ಮುಟ್ಟದವನ ಬ್ರಷ್ಷು ಅಲ್ಲಿಗೆ ಹೇಗೆ ಹೋಯಿತು?

ಮರುದಿನವೇ ಮಾಂಬಳ್ಳಿಗೆ ಹೋಗಿ ಅವನ ಬಾಗಿಲಲ್ಲಿ ಕರ್ಪೂರ ಹಚ್ಚಿದೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಸುಳ್ಳಾಣೆ ಇಡುವವರು ನಮ್ಮ ಸೀಮೆಯಲ್ಲಿಲ್ಲ ಎಂದು ನಂಬಿದ್ದೆ. ಅವನು ಕಣ್ಣು ಮಿಟುಕಿಸದೆ ಆರಿಸಿದ.

"ಮಾದಪ್ಪನಾಣೆಗೂ ನಾ ತಗಂಡಿಲ್ಲ ಕಣಕ್ಕ. ತಗಂಡಿದ್ರೆ ಈ ಕೈ ಸೇದೋಗ್ಲಿ."

ಮಾದಪ್ಪ ನಿಧಾನಿಸಿದ, ನಾನು ನಿಧಾನಿಸಲಿಲ್ಲ. ಕೊಳ್ಳೇಗಾಲ, ಯಳಂದೂರು, ಹನೂರು... ನೆಂಟರಿದ್ದ ಕಡೆಯೆಲ್ಲ, ಮದುವೆ ತಿಥಿ ಎನ್ನದೆ, ಅವನು ಕಳ್ಳನೆಂದು ಸಾರಿದೆ. ಆರು ತಿಂಗಳಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರೇ ಇಲ್ಲವಾದರು. ಸತ್ಯಮಂಗಲದ ಕಡೆ ಹೋದನಂತೆ ಎಂದು ಕೇಳಿದ ದಿನ ಪಾಯಸ ಮಾಡಿಕೊಂಡು ಉಂಡೆ. ಸುಳ್ಳೇಕೆ ಹೇಳಲಿ?

ಆಮೇಲೆ ಒಂದು ಮಧ್ಯಾಹ್ನ ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಳು. "ಅದ ಕರಗ್ಸಿ ಈ ಮಗೀಗೆ ಗೆಜ್ಜೆ ಮಾಡ್ಸವ್ನೆ ಕಣಕ್ಕ. ನೀವೇ ಮಡೀಕಳಿ. ಊರೂರಲ್ಲಿ ಕಳ್ಳ ಅಂತ ಏಳದೊಂದ ನಿಲ್ಸಿ" ಎನ್ನುತ್ತ ಜಗಲಿಯ ಮೇಲೆ ಕೂತು ಮಗುವಿನ ಕಾಲಿನಿಂದ ಗೆಜ್ಜೆ ಬಿಚ್ಚತೊಡಗಿದಳು. ಮಗು ಕಾಲು ಎಳೆದುಕೊಂಡು ಅಳುತ್ತಿತ್ತು. ಬೇಡ ಎನ್ನಬಹುದಿತ್ತು... ಎನ್ನಲಿಲ್ಲ. ಕೈ ಒಡ್ಡಿದೆ.

ಇವತ್ತು ಬೀರು ತೆಗೆದು ಆ ಗೆಜ್ಜೆಗಳನ್ನು ನೋಡಿದೆ. ಅಮ್ಮನದು ಎನ್ನಲು ಅವುಗಳಲ್ಲಿ ಏನೂ ಇಲ್ಲ. ಆದರೂ ಹಿಂದಿರುಗಿಸಲಾರೆ, ಅವನನ್ನು ಕ್ಷಮಿಸಿಯೂ ಇಲ್ಲ. ಅಮ್ಮ ಇದ್ದಿದ್ದರೆ, "ಮಗೀನ ಕಾಲಿಂದ ಬಿಚ್ಚುಸ್ಕಂಡ್ಯೇನೇ?" ಎಂದು ಮುಖಕ್ಕೆ ಹೊಡೆದ ಹಾಗೆ ಬೈಯುತ್ತಿದ್ದಳು. ಬೈಸಿಕೊಳ್ಳಲು ನಾನು ಸಿದ್ಧ... ಬೈಯಲು ಅವಳಿಲ್ಲ.