ಡಾಕ್ಟರ ಮಾತಿನಲ್ಲಿ ನಾನು ಬಿಟ್ಟದ್ದು

ಅತ್ತೆಗೆ ಮರಾಠಿ ಬರುತ್ತಿರಲಿಲ್ಲ. ವಿಜಯಪುರದಿಂದ ಕೋಥರೂಡಿನ ನಮ್ಮ ಫ್ಲ್ಯಾಟಿಗೆ ಬಂದು ಆರು ವರ್ಷವಾಗಿದ್ದರೂ, ತರಕಾರಿಯ ಹೆಸರುಗಳನ್ನು ಬಿಟ್ಟರೆ ಹೊರಗಿನವರ ಮಾತೆಲ್ಲ ನನ್ನ ಬಾಯಿಂದಲೇ ಅವರ ಕಿವಿಗೆ ಹೋಗಬೇಕಿತ್ತು.

ವಿಜಯಪುರದ ಮನೆಯಲ್ಲಿ, ಮೊದಲ ಬಸಿರಿನ ಏಳನೇ ತಿಂಗಳಲ್ಲಿ ನನಗೆ ಸೊಂಟ ಹಿಡಿದು ನಿಲ್ಲಲಾಗುತ್ತಿರಲಿಲ್ಲ. ಅತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿ ಮನೆಮಂದಿಗೆಲ್ಲ ರೊಟ್ಟಿ ತಟ್ಟಿಸಿದರು. ನಾನು ಅತ್ತಾಗ, "ಬೆನ್ನು ಎಲ್ಲಾರಿಗೂ ಅದ. ನಿಂದೇನು ವಿಶೇಷ?" ಎಂದರು. ಗಂಡ ಪಕ್ಕದಲ್ಲೇ ಉಣ್ಣುತ್ತಿದ್ದ. ಆ ಮಾತನ್ನು ಹದಿನೆಂಟು ವರ್ಷ ಇಟ್ಟುಕೊಂಡಿದ್ದೆ.

ಕಳೆದ ವರ್ಷ ಅವರ ಕಾಲುಗಳು ಸೋಲತೊಡಗಿದವು. ಐವತ್ತು ಹೆಜ್ಜೆ ನಡೆದರೆ ಸಾಕು, ನಿಂತಿದ್ದ ಸ್ಕೂಟರಿನ ಸೀಟು ಹಿಡಿದು ಬಾಗುತ್ತಿದ್ದರು. ಬಾಗಿದಾಗ ನೋವು ಇಳಿಯುತ್ತಿತ್ತು. ಚೀಲ ಹಿಡಿದು ಮುಂದೆ ಹೋಗುತ್ತಿದ್ದ ನಾನು ತಿರುಗಿ ನೋಡುತ್ತಿರಲಿಲ್ಲ. ಕೊನೆಗೆ ಗಂಡನ ಒತ್ತಾಯಕ್ಕೆ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಸ್ಕ್ಯಾನಿನ ಚಿತ್ರ ತೋರಿಸಿ ಮರಾಠಿಯಲ್ಲಿ ವಿವರಿಸಿದರು. ಬೆನ್ನೆಲುಬಿನ ಸವೆದ ಕೀಲನ್ನು ಬಿಗಿಹಿಡಿಯಲು ದೇಹವೇ ಅಲ್ಲಿ ಹೆಚ್ಚುವರಿ ಎಲುಬು ಬೆಳೆಸಿಕೊಳ್ಳುತ್ತದೆಯಂತೆ. ವಯಸ್ಸಾದ ಬಹಳ ಜನರಲ್ಲಿ ಅದಿದ್ದೂ ನೋವಿರುವುದಿಲ್ಲ. ಇವರಲ್ಲಿ ಅದು ನರಗಳ ದಾರಿಯನ್ನೇ ಇಕ್ಕಟ್ಟು ಮಾಡಿತ್ತು. ಸದ್ಯ ಗುಳಿಗೆ ಮತ್ತು ವ್ಯಾಯಾಮ ಸಾಕು, ಆಪರೇಷನ್ ಬೇಡ ಎಂದರು. ಆದರೆ ಪೃಷ್ಠದ ಭಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ತರಬೇಕು. ಇದನ್ನು ಅವರಿಗೂ ತಿಳಿಸಿ ಹೇಳಿ ಎಂದರು.

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು, "ಏನಂದ್ರು?"

"ವಯಸ್ಸಾಗೇದ ಅಂದ್ರು. ಭಾಳ ಮಂದಿಗೆ ಇರತದಂತ. ವ್ಯಾಯಾಮ ಮಾಡ್ರಿ."

ಒಂದು ಮಾತೂ ಸುಳ್ಳಾಗಿರಲಿಲ್ಲ. ಉಳಿದದ್ದನ್ನು ನುಂಗಿದೆ. ಮರೆವಿನಿಂದಲ್ಲ, ಸುಖದಿಂದ. ಗಂಡನಿಗೂ ಅಷ್ಟೇ ಹೇಳಿದೆ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ, ಗಂಡ ಶಿವಾಜಿನಗರದ ಆಫೀಸಿಗೆ ಹೊರಟ ಬಳಿಕ, ಸೋಫಾ ಒದ್ದೆಯಾಗಿತ್ತು. ಅತ್ತೆ ಸೆರಗನ್ನು ಹಿಂದಕ್ಕೆಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದರು. ತಮಗೆ ಗೊತ್ತೇ ಆಗಲಿಲ್ಲ ಎಂದರು. "ಕೂಸಿನಂಗ ಮಾಡ್ತೀರಲ್ರಿ, ನಾಚಿಕಿ ಅದ ಏನು?" ಎಂದೆ. ಡಾಕ್ಟರ ಮಾತು ಆಗ ನೆನಪಾಗಲಿಲ್ಲ ಎಂದು ಬರೆದುಬಿಡಬಹುದು. ನೆನಪಾಗಿತ್ತು. ನಾಳೆ ನೋಡಿದರಾಯಿತು ಎಂದುಕೊಂಡು ಸೋಫಾ ಒರೆಸಿದೆ.

ಅಂದಿನಿಂದ ಅವರು ನೀರು ಕುಡಿಯುವುದನ್ನು ಬಿಟ್ಟರು. ಒದ್ದೆ ಸೀರೆಗಳನ್ನು ಮಡಚಿ ಮಂಚದ ಕೆಳಗೆ ತಳ್ಳುತ್ತಿದ್ದರು. ವಾಸನೆಯಿಂದ ನನಗೆ ತಿಳಿಯುತ್ತಿತ್ತು. ಗುರುವಾರ ಪಾದ ಏಳದೆ ಬಚ್ಚಲ ಬಾಗಿಲಲ್ಲಿ ಬಿದ್ದರು. ಗಂಡ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಮೂತ್ರದ ತೊಂದರೆ ಯಾವಾಗಿನಿಂದ ಎಂದು ಸರ್ಜನ್ ಕೇಳಿದಾಗ, ಇವತ್ತು ಬೆಳಿಗ್ಗೆಯಿಂದ ಎಂದೆ. ಪ್ರಶ್ನೆ ಮರಾಠಿಯಲ್ಲಿತ್ತು, ಅತ್ತೆಗೆ ತಿಳಿಯಲಿಲ್ಲ. ಆಪರೇಷನ್ ಮಾಡಿ ಆ ಎಲುಬುಗಳನ್ನು ಕೆರೆದು ನರಗಳಿಗೆ ಜಾಗ ಮಾಡಿಕೊಟ್ಟರು. ವಾಕರ್ ಹಿಡಿದು ನಡೆಯುವಷ್ಟು ಕಾಲು ಮರಳಿತು. ಮೂತ್ರದ ಹಿಡಿತ ಮರಳಲಿಲ್ಲ.

ವ್ಯಾಯಾಮ ಮಾಡಿಸಲು ಮನೆಗೆ ಬಂದ ಹುಡುಗಿ ಧಾರವಾಡದ ಕಡೆಯವಳು. ಕನ್ನಡ ಕೇಳಿ ಅತ್ತೆ ಹಿಗ್ಗಿ, ಆ ಸೋಮವಾರ ಸೋಫಾ ಒದ್ದೆಯಾದದ್ದರಿಂದ ಹಿಡಿದು ಎಲ್ಲ ಹೇಳಿಕೊಂಡರು. ಅವಳು ಡಾಕ್ಟರ ಹಳೆಯ ಚೀಟಿ ಓದುತ್ತ, "ಅಜ್ಜಿ, ಒದ್ದಿ ಆದ ದಿನಾನ ಬರಬೇಕಿತ್ತಲ್ರಿ. ಇದರಾಗ ಬರದಾರ. ಮನಿಯವ್ರಿಗೂ ಹೇಳೇದಂತ ಅದ" ಎಂದಳು.

ಅತ್ತೆ ನನ್ನತ್ತ ನೋಡಿದರು. ನಾನು ಅಡುಗೆಮನೆಗೆ ಹೋದೆ.

ಮಗನಿಗೆ ಅವರು ಹೇಳಲೇ ಇಲ್ಲ. ದಿನವೂ ಗಂಡ ಬಂದಾಗ ಇವತ್ತು ಹೇಳುತ್ತಾರೆ ಎಂದು ಕಾದೆ. ಬದಲಿಗೆ, ಅವರನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಹೆಂಗಸನ್ನು ಹತ್ತಿರ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದರು. ಡಯಾಪರ್ ಬದಲಿಸಲು ನಾನೇ ಬೇಕು, ಮಧ್ಯಾಹ್ನದ ಊಟಕ್ಕೆ ಕೂತಿದ್ದರೂ ಎದ್ದು ಬರಬೇಕು. ಪರರ ಕೈ ತಾಯಿಗೆ ಒಗ್ಗುವುದಿಲ್ಲವೆಂದು ಗಂಡ ಆ ಹೆಂಗಸನ್ನು ಬಿಡಿಸಿದ.

"ಇನ್ನೂ ಸ್ವಚ್ಛ ಆಗಿಲ್ಲ. ಮತ್ತೊಮ್ಮೆ ಒರಸು," ಎನ್ನುತ್ತಾರೆ ಅತ್ತೆ, ನನ್ನ ಮುಖವನ್ನೇ ನೋಡುತ್ತ. ಒರೆಸುತ್ತೇನೆ.