ಹಸುವಿನ ತೊಗಲು ಹೊತ್ತು ಹೋರಿಯ ಮುಂದೆ

ಫೋಟೋ ತೆಗೆಯುವ ವಿದ್ಯೆಯಲ್ಲಿ ಕಷ್ಟವಾದದ್ದು ತೆಗೆಯುವುದಲ್ಲ, ಹೊರುವುದು. ದಿಂಡಿಗಲ್ಲಿನಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು ಬೆಳಕು, ಚಿತ್ರ ತೊಳೆಯುವ ಮದ್ದು, ಗಾಜು ಎಲ್ಲದರ ಬಗ್ಗೆಯೂ ಹೇಳಿಕೊಟ್ಟರು. ಮರದ ಕ್ಯಾಮೆರಾ, ಅದರ ಮುಕ್ಕಾಲಿ, ಕಪ್ಪು ಬಟ್ಟೆ, ಚಿತ್ರ ಹಿಡಿಯುವ ಗಾಜಿನ ಪ್ಲೇಟು ಇಷ್ಟನ್ನೂ ಯಾರ ಬೆನ್ನ ಮೇಲೆ ಹೇರಬೇಕೆಂದು ಮಾತ್ರ ಹೇಳಲಿಲ್ಲ. ಅವರು ಅಂಗಡಿ ಬಿಟ್ಟು ಹೊರಗೆ ಹೋದವರೇ ಅಲ್ಲ.

ಮೊದಲು ನನಗಿದ್ದದ್ದು ಬಿದಿರಿನ ಬುಟ್ಟಿ. ಅವ್ವ ಒಳಗೆ ಭತ್ತದ ಹುಲ್ಲು ಹಾಸಿ, ಮೇಲೆ ಗೋಣಿ ಹೊಲಿದು ಕೊಟ್ಟಿದ್ದಳು. ಎರಡು ವರ್ಷ ಪಳನಿಗೂ ಪೆರಿಯಕುಳಕ್ಕೂ ಅದನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗಿದ್ದೆ. ಒಂದು ಪ್ಲೇಟೂ ಒಡೆಯಲಿಲ್ಲ. ಅದರ ದೋಷ ಒಂದೇ, ಹೋದಲ್ಲೆಲ್ಲ ಜನ "ಮೊಟ್ಟೆ ಇದೆಯಾ?" ಎಂದು ಕೇಳುತ್ತಿದ್ದರು. ಕೋಟು ತೊಟ್ಟವನನ್ನು ಹಾಗೆ ಕೇಳಿದರೆ ಹೇಗಾಗಬೇಡ! ಕೆಲಸ ಕೆಡಿಸದ ಬುಟ್ಟಿಯನ್ನು ಮಾನ ಕೆಡಿಸುತ್ತದೆಂದು ಮೂಲೆಗೆ ಹಾಕಿದ ಬುದ್ಧಿವಂತ ನಾನು.

ಆಗ ಮೇಲಿನ ಬೆಟ್ಟದಲ್ಲಿ ಪೆರಿಯಾರ್ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದರು. ಅಲ್ಲಿ ಜ್ವರ ಹತ್ತಿಸಿಕೊಂಡು ತನ್ನ ದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬನ ಸಾಮಾನು ದಿಂಡಿಗಲ್ಲಿನಲ್ಲಿ ಹರಾಜಿಗೆ ಬಂತು. ಅದರಲ್ಲಿದ್ದ ಒಂದು ತೊಗಲಿನ ಚೀಲವನ್ನು ಕೊಂಡೆ. ಹಿತ್ತಾಳೆಯ ಬಕಲು ಮೂರು. ಒಳಗೆ ಬಾಟಲಿಗೆ ಒಂದು ಖಾನೆ, ಬಾಚಣಿಗೆಗೆ ಒಂದು ಖಾನೆ, ಕ್ಯಾಮೆರಾಗೆ ಜಾಗವಿಲ್ಲ. ಅಡ್ಡಗೋಡೆಗಳನ್ನು ಕಿತ್ತುಹಾಕಿದೆ. ಭುಜಕ್ಕೊಂದು ಪಟ್ಟಿಯೂ ಇತ್ತು. ಅದು ಆ ದೊರೆಯ ಭುಜವನ್ನು ಎಂದೂ ಮುಟ್ಟಿರಲಾರದೆಂದು ಮೊದಲ ಫರ್ಲಾಂಗಿನಲ್ಲೇ ತಿಳಿಯಿತು. ಆದರೂ ಜನ ದಾರಿ ಬಿಡುತ್ತಿದ್ದರು, ಮೊಟ್ಟೆ ಕೇಳುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಆ ಬೆಟ್ಟದ ಬುಡದ ಕಂಬ ಎಂಬ ಊರಿನಿಂದ ತಾತ ಹೇಳಿಕಳಿಸಿದ. ತಾತ ಅಂದರೆ ಅವ್ವನ ಅಪ್ಪ. ಕಂಬದಲ್ಲಿ ನಮ್ಮವರದೊಂದು ದೇವರ ಮಂದೆ ಇದೆ. ಆ ಹಸುಗಳ ಹಾಲನ್ನು ಯಾರೂ ಕುಡಿಯುವುದಿಲ್ಲ, ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ಮಂದೆಗೆಲ್ಲ ಒಂದು ಪಟ್ಟದ ಹೋರಿ. ಹಳೆಯದು ಹೋದ ಮೇಲೆ ಕಬ್ಬು ಮುಂದಿಡುತ್ತಾರೆ. ಯಾವ ಹೋರಿ ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಮನುಷ್ಯರಿಗೆ ಅಧಿಕಾರ ಕೊಡುವ ಕ್ರಮಗಳಲ್ಲೂ ಇದಕ್ಕಿಂತ ಮೇಲಾದದ್ದನ್ನು ನಾನು ಕಂಡಿಲ್ಲ. ತಾತ ಆಗಿನ ಪಟ್ಟದ ಹೋರಿಯನ್ನು ಕರುವಾಗಿದ್ದಾಗಿನಿಂದ ಸಾಕಿದವನು. ಈಗ ಅದು ಮೇವು ಬಿಟ್ಟಿತ್ತು. ಅದು ಕಣ್ಣು ಮುಚ್ಚುವ ಮೊದಲು ಅದರ ಮುಖ ಗಾಜಿನಲ್ಲಿ ನಿಲ್ಲಬೇಕು ಎಂಬುದು ಅವನ ಆಸೆ. ಜೀವಮಾನದಲ್ಲಿ ನನ್ನನ್ನು ಅವನು ಕೇಳಿದ್ದು ಅದೊಂದೇ.

ಆರು ಪ್ಲೇಟು ಇಟ್ಟುಕೊಂಡು ಗಾಡಿ ಹತ್ತಿದೆ. ತೇನಿ, ಚಿನ್ನಮನೂರು, ಉತ್ತಮಪಾಳಯಂ. ಮೂರನೆಯ ದಿನ ಬೆಳಗ್ಗೆ ಮಂದೆಯ ದೊಡ್ಡಿಯ ಬಾಗಿಲಿಗೆ ಬಂದೆ. ಅಲ್ಲಿ ಮೆಟ್ಟು ಬಿಡಬೇಕು. ತೊಗಲು ಒಳಗೆ ಹೋಗಬಾರದು. ಹುಟ್ಟಿದಾಗಿನಿಂದ ಗೊತ್ತಿದ್ದ ಕಟ್ಟಳೆ. ಭಕ್ತಿಯಿಂದ ಮೆಟ್ಟು ಕಳಚಿದೆ, ಕಾಲು ತೊಳೆದೆ, ಭುಜದ ಮೇಲೆ ಇಡೀ ಒಂದು ಹಸುವಿನ ತೊಗಲು ಹೊತ್ತುಕೊಂಡು ಒಳಗೆ ಕಾಲಿಟ್ಟೆ.

ಮಂದೆಯ ಯಜಮಾನಿಕೆ ನನ್ನ ದೊಡ್ಡಪ್ಪನದು. ಅವನ ಕಣ್ಣು ಚೀಲದ ಮೇಲೆ ಬಿತ್ತು.

"ನಿಲ್ಲೋ! ಹೆಗಲ ಮೇಲೆ ಏನದು?"

"ಪೆಟ್ಟಿ, ದೊಡ್ಡಪ್ಪ."

"ಪೆಟ್ಟಿಯಾ? ಆ ಹಸುವಿನ ಮಕ್ಕಳು ಮರಿ ಎಲ್ಲಾ ಒಳಗೆ ನಿಂತವ್ರೆ, ಅವಳನ್ನ ಸುಲಿದು ತಂದಿದ್ದೀಯ ತೋರಿಸೋಕೆ!"

ನೆರೆದವರು ನಕ್ಕಿದ್ದರೆ ಬದುಕುತ್ತಿದ್ದೆ. ಯಾರೂ ನಗಲಿಲ್ಲ. ಚೀಲವನ್ನು ಹೊರಗೆ ಒಯ್ದು ಬೇವಿನ ಬುಡದಲ್ಲಿ ಬಿಚ್ಚಿದೆ. ಪ್ಲೇಟಿನ ಚೌಕಟ್ಟುಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿದರೆ ನಾಲ್ಕರಲ್ಲಿ ಗಾಜಿನ ಚೂರು ಗಲಗಲ ಎಂದವು. ಮಾನ ಉಳಿಸಿದ ಚೀಲ ಉಳಿದದ್ದನ್ನೆಲ್ಲ ಅರೆದುಹಾಕಿತ್ತು. ಇನ್ನು ಎರಡೇ.

ಕ್ಯಾಮೆರಾವನ್ನಷ್ಟೇ ಎತ್ತಿಕೊಂಡು ಎದ್ದೆ. ಆಗ ನೆನಪಾಯಿತು, ಅದರ ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ತಿದಿಯೂ ತೊಗಲೇ. ಕಪ್ಪು ಬಣ್ಣ ಬಳಿದಿದ್ದರು, ಬಟ್ಟೆ ಅಂದರೆ ನಂಬುತ್ತಿದ್ದರು. ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ತಾತ ಬಂದು ತಿದಿಯ ಮೇಲೆ ಕೈಯಾಡಿಸಿದ. ಎಪ್ಪತ್ತು ವರ್ಷ ದನ ಸವರಿದ ಕೈ. ನನ್ನ ಮುಖ ನೋಡಿದ. ನನಗೆ ಅಳು ಬಂತು.

"ಇದೂ ತೊಗಲೇ ತಾತ."

"ಗೊತ್ತಾಯ್ತು ನನ್ನ ಕಣ್ಣೇ. ನೀನು ಹೊರಗೇ ಇರು. ಸಾಮಿಯನ್ನ ನಾನು ಕರ್ಕೊಂಡು ಬತ್ತೀನಿ."

ಅವನ ಸಾಮಿ ಎರಡು ದಿನದಿಂದ ಏಳದಿದ್ದ ಹೋರಿ. ತಾತ ಪಕ್ಕದಲ್ಲಿ ಕೂತು ಅದರ ಕಿವಿಯಲ್ಲಿ ಏನೋ ಹೇಳಿದ. ಅದು ಮುಂಗಾಲು ಊರಿತು, ಕುಸಿಯಿತು, ಮತ್ತೆ ಊರಿತು. ದೊಡ್ಡಪ್ಪನೂ ಕೈ ಮುಗಿದು ನಿಂತುಬಿಟ್ಟ. ಅಷ್ಟು ದೂರ ಅದು ನಡೆದು ಬಂದದ್ದು ನನ್ನ ಶೋಕಿಗಾಗಿ. ಬುಟ್ಟಿ ಹೊತ್ತು ಬಂದಿದ್ದರೆ ತಿದಿಯತ್ತ ಯಾರ ಕಣ್ಣೂ ಹೋಗುತ್ತಿರಲಿಲ್ಲ.

ಬಾಗಿಲಲ್ಲಿ ಅದನ್ನು ನಿಲ್ಲಿಸಿ, ನಾನು ಕ್ಯಾಮೆರಾ ಹೂಡಿ, ತಾತನನ್ನು ಪಕ್ಕಕ್ಕೆ ಸರಿಯಲು ಹೇಳಿದೆ. ಅವನಿಗೂ ಅದೇ ಬೇಕಿತ್ತು. ಗಾಜಿನೊಳಗೆ ಹೋದವನ ಆಯಸ್ಸು ಸೋರಿಹೋಗುತ್ತದೆಂದು ಅವನ ನಂಬಿಕೆ. ಸಾಮಿಯ ಆಯಸ್ಸು ಹೇಗೂ ಮುಗಿಯುತ್ತಾ ಬಂದಿದ್ದರಿಂದ ಅದಕ್ಕೆ ನಷ್ಟವಿಲ್ಲ ಎಂಬುದು ಅವನ ಲೆಕ್ಕಾಚಾರ. ಅವನು ಸರಿದ. ಹೋರಿ ಅವನ ಕಡೆಗೇ ಮುಖ ತಿರುಗಿಸಿತು. ಒಂದು ಪ್ಲೇಟು ಹೋಯಿತು.

"ನೀನು ಜೊತೆಗೆ ನಿಲ್ಲದಿದ್ದರೆ ಅದು ನಿಲ್ಲೋದಿಲ್ಲ ತಾತ. ಇನ್ನೊಂದೇ ಇರೋದು."

ತಾತ ಕ್ಯಾಮೆರಾವನ್ನೊಮ್ಮೆ ನೋಡಿದ, ಹೋರಿಯನ್ನೊಮ್ಮೆ ನೋಡಿದ. "ಇವನು ಹೋದ್ಮೇಲೆ ಆಯಸ್ಸು ಇಟ್ಕೊಂಡು ಏನು ಮಾಡ್ಲಿ" ಎಂದು ಬಂದು ಅದರ ಕೊರಳು ತಬ್ಬಿ ನಿಂತ. ನಾನು ಮೂರು ಎಣಿಸಿದೆ. ಇಬ್ಬರೂ ಅಲುಗಲಿಲ್ಲ.

ಹೋರಿ ಅದೇ ವಾರ ಹೋಯಿತಂತೆ. ಪ್ಲೇಟು ತೊಳೆದು, ಕಾಗದಕ್ಕೆ ಇಳಿಸಿ, ತಿಂಗಳಾದ ಮೇಲೆ ಕಂಬಕ್ಕೆ ಹೋದೆ. ತಾತ ಜಗಲಿಯ ಮೇಲೆ ಕೂತಿದ್ದ. ಕಾಗದವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಕೊಂಬು, ಗಂಗೆದೊಗಲು, ಹಣೆಯ ಸುಳಿ, ಒಂದೊಂದನ್ನೂ ಬೆರಳಿಂದ ಮುಟ್ಟಿದ. ಆಮೇಲೆ ಬೆರಳು ಪಕ್ಕಕ್ಕೆ ಬಂದು ನಿಂತಿತು.

"ಸಾಮಿ ಕೊರಳು ಹಿಡ್ಕೊಂಡಿರೋ ಈ ಮುದುಕ ಯಾರು?"

ಕನ್ನಡಿ ಇಲ್ಲದ ಮನೆ ಅವನದು. "ನೀನೇ ತಾತ" ಅಂದೆ.

ಅವನು ಮತ್ತೆ ನೋಡಿದ. ಕೆನ್ನೆ ಮುಟ್ಟಿಕೊಂಡ.

"ಇಷ್ಟು ಮುದುಕನಾಗಿದ್ದೀನಾ? ದಿನಾ ನೋಡ್ತಿದ್ದ, ಒಂದು ದಿನಾನೂ ಹೇಳಲಿಲ್ಲ ನೋಡು ನಮ್ಮ ಸಾಮಿ."